ಟವೆಲ್ಲಿನ ಕೆಳಗೆ ಹೇಳಿದ ಬೆಲೆ

ಮನೆ ಮಾರೋಣ ಎಂದು ಮೊದಲು ಬಾಯಿ ಬಿಟ್ಟವಳು ಅಕ್ಕ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಆಮೇಲೆ ಎಷ್ಟೋ ದಿನ ನಾನು ಇದೊಂದನ್ನೇ ಹೇಳಿಕೊಂಡು ಸಮಾಧಾನಪಟ್ಟುಕೊಂಡೆ. ಮಾರೋಣ ಅಂದವಳು ಅವಳೇ ತಾನೇ, ನಾನಲ್ಲವಲ್ಲ ಎಂದು.

ಅಜ್ಜಂಪುರದ ಆ ಮನೆ ಅವ್ವನ ಹೆಸರಿನಲ್ಲಿತ್ತು. ಅವ್ವ ತೀರಿಹೋದ ಮೇಲೆ ನಮ್ಮಿಬ್ಬರಿಗೂ ಸಮಪಾಲು. ನಾನು ತರೀಕೆರೆಯಲ್ಲಿ ಗಾರೆ ಕೆಲಸದ ಮೇಸ್ತ್ರಿ. ಅಕ್ಕ ಗಂಡನನ್ನು ಬಿಟ್ಟು ಬಂದವಳು, ಆ ಮನೆಯಲ್ಲಿ ಒಬ್ಬಳೇ ಇದ್ದಳು. ಅವಳ ಹೊಲಿಗೆ ಅಂಗಡಿ ಇರುವುದು ಕಡೂರಿನಲ್ಲಿ. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ರೈಲು ಹತ್ತಿ ಹೋಗಿ ಸಂಜೆ ರೈಲಿಗೆ ಬರುತ್ತಿದ್ದಳು. ಐವತ್ತು ದಾಟಿದ ಮೇಲೆ ಮಂಡಿ ಕೈಕೊಟ್ಟಿತು. ಬೋಗಿಯ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಯಾರಾದರೂ ನೂಕಬೇಕು, ಇಳಿಯುವಾಗ ಯಾರಾದರೂ ಹಿಡಿದುಕೊಳ್ಳಬೇಕು.

"ಅಂಗಡಿ ಹಿಂದ್ಗಡೆ ಬೀದೀಲಿ ಎರಡು ರೂಮಿನ ಮನೆ ಐತೆ ಕಣೋ" ಎಂದಳು ಒಂದು ಭಾನುವಾರ. "ಒಂದೇ ಒಂದು ಮೆಟ್ಲು ಇಲ್ಲ. ಹೊಸ್ಲು ದಾಟಿದ್ರೆ ಒಳಗೆ. ಒಂಬತ್ತು ಲಕ್ಷ ಅಂತಾಳೆ ಆ ಮನೆ ಯಮ್ಮ. ಯುಗಾದಿವರ್ಗೂ ಬೇರೆಯೋರಿಗೆ ಕೊಡಲ್ಲ ಅಂದವ್ಳೆ. ರಿಜಿಸ್ಟ್ರಿ ಖರ್ಚಿಗೆ ನನ್ನ ಹತ್ರಾನೇ ಐತೆ. ಇದನ್ನ ಮಾರಿ ನನ್ನ ಪಾಲಿಗೆ ಒಂಬತ್ತು ಬಂದ್ರೆ ಸಾಕು, ಇನ್ನೇನೂ ಬೇಡ ನಂಗೆ."

ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಯುಗಾದಿಗೆ ಮೂರೂವರೆ ತಿಂಗಳಿತ್ತು.

ದಲ್ಲಾಳಿಯನ್ನು ಕರೆದುಕೊಂಡು ಬಂದವನು ನಾನು. ನಮ್ಮಪ್ಪ ಎತ್ತಿನ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಇವನು ದನದ ದಲ್ಲಾಳಿ. ಈಗ ಎತ್ತು ಕೊಳ್ಳುವವರು ಯಾರಿದ್ದಾರೆ, ಇವನೂ ಸೈಟು, ಮನೆ, ತೋಟಕ್ಕೆ ಇಳಿದಿದ್ದ. ಬುಲೆಟ್ ಗಾಡಿ ಬಂದಿತ್ತು, ಎರಡು ಫೋನು ಬಂದಿದ್ದವು. ಹೆಗಲ ಮೇಲಿನ ಟವೆಲ್ ಮಾತ್ರ ಹಳೆಯದೇ.

ಆ ಟವೆಲ್ಲಿನ ವಿಷಯ ಹೇಳಬೇಕು. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಸುತ್ತ ನಿಂತವರಿಗೆ ತಿಳಿಯಬಾರದೆಂದು ದಲ್ಲಾಳಿ ಇಬ್ಬರ ಕೈ ಮೇಲೆ ಟವೆಲ್ ಹಾಕಿ, ಕೆಳಗೆ ಬೆರಳು ಹಿಡಿದು ಹೇಳುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು. ಅದು ಸಾವಿರವೋ ಲಕ್ಷವೋ ಹಿಡಿದವರಿಬ್ಬರಿಗೂ ಗೊತ್ತಿರುತ್ತದೆ. ಒಪ್ಪಿಗೆಯಾದರೆ ಹೆಬ್ಬೆರಳು ಒತ್ತಬೇಕು. ಇಲ್ಲದಿದ್ದರೆ ಕೈ ಎಳೆದುಕೊಳ್ಳಬೇಕು. ಮಾರುವವನ ಹತ್ತಿರ ಒಂದು ಸಲ, ಕೊಳ್ಳುವವನ ಹತ್ತಿರ ಒಂದು ಸಲ, ಹೀಗೆ ಓಡಾಡುತ್ತ ದಲ್ಲಾಳಿ ಬೆಲೆ ಕೂಡಿಸುತ್ತಾನೆ. ಚಿಕ್ಕವರಿದ್ದಾಗ ಅಪ್ಪ ಅವ್ವನ ಸೆರಗನ್ನು ಕೈ ಮೇಲೆ ಹಾಕಿ ನನಗೂ ಅಕ್ಕನಿಗೂ ಇದನ್ನು ಕಲಿಸಿದ್ದ. ಅಕ್ಕ ನನಗಿಂತ ಬೇಗ ಕಲಿತಳು.

ಅಪ್ಪ ಒಂದು ಮಾತು ಹೇಳುತ್ತಿದ್ದ. "ದಲ್ಲಾಳಿ ಕೈ ಹಿಡ್ಕಳಿ, ಬೇಡ ಅನ್ನಲ್ಲ. ಆದ್ರೆ ಕೊನೇಗೆ ತಗಳ್ಳೋನ ಕೈನ ಒಂದ್ಸಲ ನೀವೇ ಹಿಡೀರಿ. ನಡುವಿರೋನ ಎರಡು ಕೈಯೂ ಒಂದೇ ಲೆಕ್ಕ ಹೇಳಲ್ಲ."

ಅಕ್ಕನಿಗೆ ಈ ಮಾತು ನೆನಪಿತ್ತು. ನನಗೂ ನೆನಪಿತ್ತು. ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ.

ಮೊದಲ ದಿನವೇ ಒಂದು ದಡ್ಡತನ ಮಾಡಿದೆ. ಅಜ್ಜಂಪುರದ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುವಾಗ ದಲ್ಲಾಳಿ ಕೇಳಿದ: "ಏನ್ ಮೇಸ್ತ್ರಿ, ಇದ್ದಕ್ಕಿದ್ದಂಗೆ ಮಾರಾಟ? ಏನವಸರ?" ನಾನು ಎಲ್ಲ ಹೇಳಿಬಿಟ್ಟೆ. ಕಡೂರಿನ ಮನೆ, ಒಂಬತ್ತು ಲಕ್ಷ, ಯುಗಾದಿಯ ಗಡುವು. ಅವನು ಟೀಗೆ ಊದುತ್ತ "ಪಾಪ, ಹೆಣ್ಣುಮಗ್ಳು" ಎಂದ. ನಾನು ಕೆಲಸಕ್ಕೆ ದರ ಹೇಳುವ ಮೊದಲು ಮನೆ ಕಟ್ಟಿಸುವವರ ಕೈಯಲ್ಲಿ ಎಷ್ಟಿದೆ, ಗೃಹಪ್ರವೇಶಕ್ಕೆ ಯಾವ ಮುಹೂರ್ತ ಇಟ್ಟಿದ್ದಾರೆ ಎಂದು ಮಾತಿನ ನಡುವೆ ತಿಳಿದುಕೊಳ್ಳುತ್ತೇನೆ. ಅದೇ ಕಸುಬನ್ನು ಇನ್ನೊಬ್ಬ ನನ್ನ ಮೇಲೆ ಮಾಡುತ್ತಿದ್ದಾನೆ ಎಂದು ನನಗೆ ಹೊಳೆಯಲೇ ಇಲ್ಲ.

ಕಾಗದ ಪತ್ರದ ಕೆಲಸದಲ್ಲಿ ಅವನು ಗಟ್ಟಿಗ. ಅದನ್ನು ಒಪ್ಪಬೇಕು. ಅವ್ವನ ಮರಣ ಪತ್ರ, ವಂಶವೃಕ್ಷ, ಖಾತೆ ಬದಲಾವಣೆ, ಇ-ಖಾತೆ, ಒಂದೊಂದಕ್ಕೂ ಯಾವ ಕಾಗದ ಬೇಕು, ಯಾವುದರ ಹಿಂದೆ ಯಾವುದು ಎಂದು ಅವನಿಗೆ ಬಾಯಿಪಾಠ. ನಾನು ಓದಿರುವುದು ಏಳನೇ ಕ್ಲಾಸು. ಒಂದು ಅರ್ಜಿ ಕೈಗೆ ಕೊಟ್ಟರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಅರ್ಜಿ ಎರಡು ಸಲ ವಾಪಸ್ ಬಂತು. ಒಂದು ಸಲ, ಅಕ್ಕನ ಆಧಾರಿನಲ್ಲಿ ಅವಳ ಹೆಸರಿನ ಮುಂದೆ ಇನ್ನೂ ಗಂಡನ ಹೆಸರಿತ್ತು, ವಂಶವೃಕ್ಷದಲ್ಲಿ ಅಪ್ಪನ ಹೆಸರಿತ್ತು. ಇಬ್ಬರೂ ಒಬ್ಬಳೇ ಎಂದು ನೋಟರಿಯ ಹತ್ತಿರ ಅಫಿಡವಿಟ್ ಮಾಡಿಸಿದ. ಇನ್ನೊಂದು ಸಲ, ಪತ್ರದಲ್ಲಿ ಪೂರ್ವ ಪಶ್ಚಿಮ ಮೂವತ್ತು ಅಡಿ ಎಂದಿತ್ತು, ಟೇಪು ಹಿಡಿದರೆ ಇಪ್ಪತ್ತೆಂಟೂವರೆ. ಒಂದೂವರೆ ಅಡಿ ಯಾವ ಕಾಲದಲ್ಲೋ ಓಣಿಗೆ ಸೇರಿಹೋಗಿತ್ತು. ಪಕ್ಕದ ಮನೆಯವರನ್ನು ಒಪ್ಪಿಸಿ, ಇದ್ದ ಅಳತೆಗೇ ನಾಲ್ಕೂ ಗಡಿಯ ಚಕ್ಕುಬಂದಿ ಬರೆಸಿ ಸಹಿ ಹಾಕಿಸಿದವನೂ ಅವನೇ. ಎರಡು ತಿಂಗಳು ನನ್ನ ಜೊತೆ ಆಫೀಸಿನಿಂದ ಆಫೀಸಿಗೆ ಅಲೆದ. ಬಿಸಿಲಿನಲ್ಲಿ ನನಗೆ ಎಳನೀರು ಕುಡಿಸಿದ. ಹಾಗಾಗಿ ನಂಬಿದೆ.

ನಡುವೆ ಮನೆಯ ರಿಪೇರಿ. "ಬರೀ ಬಣ್ಣ ಹೊಡ್ಸು ಸಾಕು, ಬಿರುಕಿಗೆ ಪುಟ್ಟಿ ಮೆತ್ತು" ಎಂದ ದಲ್ಲಾಳಿ. ಅದು ಮಾತ್ರ ನನ್ನ ಕೈಯಲ್ಲಾಗಲಿಲ್ಲ. ಅಡುಗೆ ಮನೆಯ ಕಿಟಕಿ ಮೂಲೆಯಿಂದ ಸೂರಿನವರೆಗೆ ಬಿರುಕು ಹೋಗಿತ್ತು. ಮಣ್ಣುಗಾರೆಯ ಕಲ್ಲುಗೋಡೆ. ಬಿರುಕನ್ನು ಉಳಿಯಿಂದ ಎರಡೂ ಕಡೆ ಓರೆಯಾಗಿ ಕೊರೆದು, ಒಳಗಿನ ಪುಡಿ ತೊಳೆದು, ಕಲ್ಲಿನ ಚೂರು ಕೂರಿಸಿ ಗಾರೆ ತುಂಬಿದೆ. ಮೇಲೆ ಜಾಲರಿ ಬಿಗಿದು ಎರಡು ಸಲ ಪ್ಲಾಸ್ಟರ್ ಮಾಡಿ ಏಳು ದಿನ ನೀರು ಹೊಡೆದೆ. ಬಚ್ಚಲಿನ ಪಕ್ಕದ ಗೋಡೆ ತೇವ ಎಳೆದು ಉಬ್ಬಿತ್ತು, ಮೊಣಕಾಲೆತ್ತರದವರೆಗೂ ಕಿತ್ತು ಹೊಸದಾಗಿ ಕಟ್ಟಿದೆ. ಒಡೆದ ಹೆಂಚು ಬದಲಾಯಿಸಿದೆ. ಕೆಮ್ಮಣ್ಣುಗುಂಡಿ ರಸ್ತೆಯಲ್ಲಿ ಒಂದು ಲಾಡ್ಜಿನ ಟೈಲ್ಸ್ ಕೆಲಸ ಒಪ್ಪಿಕೊಂಡಿದ್ದೆ, ಅದನ್ನು ಬಿಟ್ಟು ಇಪ್ಪತ್ತು ದಿನ ಇಲ್ಲಿ ಗೇದೆ. ಅಕ್ಕ ಬೆಳಿಗ್ಗೆ ರೈಲಿಗೆ ಹೋಗುವ ಮೊದಲು ಮುದ್ದೆ ತಿರುವಿ, ಸಾರು ಮುಚ್ಚಿಟ್ಟು ಹೋಗುತ್ತಿದ್ದಳು.

ಒಬ್ಬ ಮೇಷ್ಟ್ರು ಹೆಂಡತಿಯ ಜೊತೆ ಬಂದು ನೋಡಿದರು. ಇಬ್ಬರಿಗೂ ಹಿಡಿಸಿತು, ಎರಡು ಸಲ ಬಂದು ಅಳತೆ ತೆಗೆದರು. ಆಮೇಲೆ ಬರಲೇ ಇಲ್ಲ. "ಬಾಗ್ಲು ದಿಕ್ಕು ಸರಿಯಿಲ್ವಂತೆ" ಎಂದ ದಲ್ಲಾಳಿ. ನಿಜವೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ. ಯುಗಾದಿಗೆ ಮೂರು ವಾರ ಉಳಿಯಿತು.

ಕೊಬ್ಬರಿ ವ್ಯಾಪಾರಿಯೊಬ್ಬರು ಬರುತ್ತಾರೆ, ಗೋಡೌನ್ ಮಾಡಿಕೊಳ್ಳಲು ಜಾಗ ಹುಡುಕುತ್ತಿದ್ದಾರೆ ಎಂದು ದಲ್ಲಾಳಿ ಹೇಳಿದ್ದು ಆಗ. ಅವರು ಬರುವ ಹಿಂದಿನ ದಿನ ಸಂಜೆ ನಾನು ಹೊರಗೋಡೆಗೆ ಎರಡನೇ ಕೋಟು ಹೊಡೆಯುತ್ತಿದ್ದೆ. ಅವನು ಬಂದು ಜಗಲಿಯ ಮೇಲೆ ಕೂತ.

"ಇಪ್ಪತ್ತು ದಿನ ಗೇದಿದ್ದೀಯ ಮೇಸ್ತ್ರಿ. ಇದ್ರ ಕೂಲಿ ಯಾರು ಕೊಡ್ತಾರೆ?"

"ಯಾರು ಕೊಡ್ತಾರೆ? ನಮ್ದೇ ಮನೆ."

"ಅರ್ಧ ನಿಂದು. ಇನ್ನರ್ಧಕ್ಕೂ ನೀನೇ ಗೇದೆ. ಆಫೀಸು ಅಲೆದೋನು ನೀನು. ಲಾಡ್ಜಿನ ಕೆಲ್ಸ ಬಿಟ್ಟೋನು ನೀನು. ನಿಮ್ಮಕ್ಕ ಕೂತಲ್ಲಿಗೆ ಸಮಪಾಲು. ನ್ಯಾಯಾನಾ? ನೀನೇ ಹೇಳು."

ನಾನು ಬ್ರಷ್ ಅದ್ದಿಕೊಂಡೆ. ಅದನ್ನೇ ಅವನು ಉತ್ತರ ಅಂದುಕೊಂಡ. ಸರಿಯಾಗಿಯೇ ಅಂದುಕೊಂಡ. ಅವತ್ತು ಬಣ್ಣ ಹೊಡೆದು ಮುಗಿಸುವಷ್ಟರಲ್ಲಿ ಇಪ್ಪತ್ತು ದಿನದ ಕೂಲಿಯನ್ನು ನಾಲ್ಕು ಸಲ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಅಕ್ಕ ಮುಚ್ಚಿಟ್ಟು ಹೋಗುತ್ತಿದ್ದ ಊಟ ಆ ಲೆಕ್ಕದಲ್ಲಿ ಬರಲಿಲ್ಲ.

ಮರುದಿನ ವ್ಯಾಪಾರಿ ಬಂದರು. ಬಿಳಿ ಅಂಗಿ, ಮಾತು ಕಡಿಮೆ. ಗೋಡೆ ತಟ್ಟಿ ನೋಡಿದರು, ಸೂರು ನೋಡಿದರು, ಜಗಲಿಯ ಮೇಲೆ ಕೂತರು. ದಲ್ಲಾಳಿ ಅವರ ಪಕ್ಕ ಕೂತು ಟವೆಲ್ ಹಾಕಿದ. ನಾನು ಪಡಸಾಲೆಯಲ್ಲಿ ಚಾಪೆಯ ಮೇಲಿದ್ದೆ. ಅಕ್ಕ ಅಂಗಡಿಗೆ ರಜೆ ಹಾಕಿ, ಅಡುಗೆ ಮನೆಯ ಬಾಗಿಲಿಗೆ ಒರಗಿ ಕಾಲು ಚಾಚಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ದಲ್ಲಾಳಿ ಒಳಗೆ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ನನ್ನ ಕೈ ಹಿಡಿದ. ಮೇಲೆ ಟವೆಲ್ ಬಿತ್ತು.

"ತರೀಕೆರೆ ಕಡೆ ಮಳೆ ಹನಿ ಹಾಕ್ತಾ?" ಎಂದ ಬಾಯಲ್ಲಿ. ಕೆಳಗೆ ಅಂಗೈಯನ್ನು ಮೂರು ಸಲ ಹಿಡಿದು ಬಿಟ್ಟ, ಆಮೇಲೆ ಮೂರು ಬೆರಳು. ಹದಿನೆಂಟು.

ಹದಿನೆಂಟು ಎಂದರೆ ಅಕ್ಕನಿಗೆ ಒಂಬತ್ತು. ಕಡೂರಿನ ಮನೆ. ನನಗೆ ಎದೆ ಹಗುರಾಯಿತು. ಹೆಬ್ಬೆರಳು ಒತ್ತಬೇಕು ಎನ್ನುವಷ್ಟರಲ್ಲಿ ಅವನು ನನ್ನ ಎರಡು ಬೆರಳನ್ನು ಹಿಡಿದು ಅಂಗೈಯೊಳಗೆ ಮಡಚಿದ. ಎರಡು ಕಡಿಮೆ ಹೇಳು ಎಂದು. ಹಾಗೆ ಮಡಚಿದ ಬೆರಳಲ್ಲಿ ಒಂದನ್ನು ತನ್ನ ಕಡೆಗೆ ಎಳೆದುಕೊಂಡ, ಇನ್ನೊಂದನ್ನು ನನ್ನ ಕಡೆಗೆ ನೂಕಿದ. ಒಂದು ನನಗೆ, ಒಂದು ನಿನಗೆ. "ಬಿಸ್ಲು ನೋಡಿದ್ರೆ ಈ ಸಲ ಕಷ್ಟ" ಎಂದ ಬಾಯಲ್ಲಿ.

ಕೈ ಎಳೆದುಕೊಳ್ಳಬಹುದಿತ್ತು. ಅಷ್ಟಕ್ಕೇ ವ್ಯವಹಾರ ನಿಲ್ಲುತ್ತಿತ್ತು. ನಾನು ಹೆಬ್ಬೆರಳು ಒತ್ತಿದೆ.

ಟವೆಲ್ ಎತ್ತಿದ ಮೇಲೆ ಅಕ್ಕ ಜಗಲಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದಳು. "ಎಷ್ಟಂತೆ?"

"ಹದಿನಾರು."

"ಹದಿನಾರಾದ್ರೆ ನಂಗೆ ಎಂಟು ಕಣೋ. ಇನ್ನೂ ಒಂದು ಬೇಕಲ್ಲ."

"ಅಷ್ಟೇ ಅಂತೆ ಕಣಕ್ಕ. ಮೇಲಕ್ಕೆ ಹೋಗಲ್ವಂತೆ."

ದಲ್ಲಾಳಿ ಟವೆಲ್ ಹೆಗಲಿಗೆ ಹಾಕಿಕೊಳ್ಳುತ್ತ ಹೇಳಿದ. "ಯುಗಾದಿ ಹತ್ರ ಬಂತಲ್ಲ ತಂಗೀ. ಇದು ಬಿಟ್ರೆ ಇನ್ನೊಬ್ರು ಯಾವಾಗ್ಲೋ ಏನೋ."

ಅಕ್ಕ ನನ್ನ ಮುಖ ನೋಡಿದಳು. "ಯುಗಾದಿ ವಿಷ್ಯ ಇವ್ರಿಗೆ ಯಾರು ಹೇಳಿದ್ರು?"

ಅವಳು ಗೋಡೆ ಹಿಡಿದು ನಿಧಾನವಾಗಿ ಎದ್ದಳು. "ತಡಿ, ನಾನೇ ಒಂದ್ಸಲ ಸಾವ್ಕಾರ್ರನ್ನ ಕೇಳ್ತೀನಿ. ಅಪ್ಪ ಏನಂತಿದ್ದ?"

ಆಗ ನಾನು ಆಡಿದ ಮಾತನ್ನು ಬರೆಯಲೆಂದೇ ಇಷ್ಟೆಲ್ಲ ಬರೆದಿದ್ದೇನೆ. "ಸುಮ್ನೆ ಕೂತ್ಕೊ ಅಕ್ಕ" ಎಂದೆ. "ಗಂಡಸ್ರು ಮಾತಾಡ್ತಾ ಇಲ್ವಾ? ನೀನು ಹೋಗಿ ಅವ್ರ ಕೈ ಹಿಡಿಯಕಾಗ್ತದಾ? ನಾಚ್ಕೆ ಆಗಲ್ವಾ? ವ್ಯಾಪಾರ ಕೆಡ್ತದೆ."

ಜಗಲಿಯವರೆಗೆ ಆರು ಹೆಜ್ಜೆ. ಅವಳು ಎರಡು ಹೆಜ್ಜೆ ಇಟ್ಟಿದ್ದಳು. ಅಲ್ಲೇ ನಿಂತಳು. ಹೊರಗಿನವರ ಎದುರು ತಮ್ಮ ಹಾಗೆ ಅಂದನೆಂದು ಅವಳ ಕಿವಿ ಕೆಂಪಾಗಿತ್ತು. "ಆಯ್ತು ಬಿಡು" ಎಂದು ಒಳಗೆ ಹೋದಳು. ಪಾತ್ರೆಯ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಟೀ ಬಂತು. ದಲ್ಲಾಳಿಗೆ ಸಕ್ಕರೆ ಜಾಸ್ತಿ ಬೇಕೆಂದು ಅವಳೇ ನೆನಪಿಟ್ಟುಕೊಂಡು ಹಾಕಿದ್ದಳು.

ರಿಜಿಸ್ಟ್ರಿ ಆಯಿತು. ಪತ್ರದಲ್ಲಿ ಸರ್ಕಾರಿ ದರ ಬರೆದರು, ಉಳಿದದ್ದು ದಲ್ಲಾಳಿಯ ಕೈಯಿಂದ ನಮ್ಮ ಕೈಗೆ ಬಂತು. ನಮ್ಮ ಕಡೆ ಬಹಳ ಜನ ಮಾಡುವುದು ಹೀಗೆಯೇ. ಸರಿಯಲ್ಲ ಎಂದು ಗೊತ್ತಿದ್ದೂ ಮಾಡುತ್ತೇವೆ. ಬೆಲೆ ಎಲ್ಲೂ ಪೂರ್ತಿಯಾಗಿ ಬರೆದಿರುವುದಿಲ್ಲವಾದ್ದರಿಂದ ಎಲ್ಲೂ ಪೂರ್ತಿಯಾಗಿ ಕೇಳಿಸುವುದೂ ಇಲ್ಲ. ಫೋಟೋಗೆ ಕೂತಾಗ ಅಕ್ಕ, ವ್ಯಾಪಾರಿ ಇಬ್ಬರೂ ಒಂದೇ ಬೆಂಚಿನಲ್ಲಿದ್ದರು. ನಡುವೆ ದಲ್ಲಾಳಿ ಕೂತಿದ್ದ. ನಾನು ಎದುರಿಗೆ ನಿಂತು, ಇವರಿಬ್ಬರೂ ಎಲ್ಲಿ ಮಾತಿಗೆ ಶುರುಮಾಡುತ್ತಾರೋ ಎಂದು ನೋಡುತ್ತಿದ್ದೆ.

ನನ್ನ ಒಂದು ಲಕ್ಷದ ಬಗ್ಗೆ ಕೇಳಿದ್ದಕ್ಕೆ ದಲ್ಲಾಳಿ "ಒಂದು ವಾರ" ಎಂದ.

ಅಕ್ಕ ಎಂಟು ಹಿಡಿದುಕೊಂಡು ಕಡೂರಿನ ಆ ಹೆಂಗಸಿನ ಹತ್ತಿರ ಹೋದಳು. ಉಳಿದ ಒಂದಕ್ಕೆ ಒಂದು ವರ್ಷ ಟೈಮು ಕೇಳಿದಳು. ಆಕೆಗೂ ಆಸ್ಪತ್ರೆಯ ಖರ್ಚಿತ್ತು, ಆಗುವುದಿಲ್ಲ ಎಂದಳಂತೆ. ಅಲ್ಲಿಂದಲೇ ಅಕ್ಕ ನನಗೆ ಫೋನ್ ಮಾಡಿದಳು. "ನಿನ್ನ ಪಾಲಿಂದ ಒಂದು ಲಕ್ಷ ಕೈಗಡ ಕೊಡ್ತೀಯೇನೋ? ಹೊಲ್ದು ತೀರಿಸ್ತೀನಿ."

ನನ್ನ ಎಂಟನ್ನು ಆ ಹೊತ್ತಿಗೆ ತರೀಕೆರೆಯ ಒಂದು ಸೈಟಿಗೆ ಕಟ್ಟಿಬಿಟ್ಟಿದ್ದೆ. ಆದರೆ ದಲ್ಲಾಳಿಯಿಂದ ಬರುವುದಿತ್ತಲ್ಲ. "ಕೊಡ್ತೀನಿ ಕಣಕ್ಕ, ಒಂದು ವಾರ ತಡಿ" ಎಂದೆ. ಅವಳಿಂದಲೇ ಕದ್ದ ಒಂದನ್ನು ಅವಳಿಗೇ ಸಾಲವಾಗಿ ಕೊಟ್ಟು, ಒಳ್ಳೆಯ ತಮ್ಮ ಅನ್ನಿಸಿಕೊಳ್ಳುವ ಯೋಚನೆ ನನ್ನದು. "ನೀನಿದ್ದೀಯಲ್ಲ ಬಿಡು, ಧೈರ್ಯ ಬಂತು" ಎಂದಳು ಅವಳು.

ವಾರವಾಯಿತು. ದಲ್ಲಾಳಿ ಫೋನ್ ಎತ್ತಲಿಲ್ಲ. ಎತ್ತಿದಾಗ "ನಾಳೆ" ಎಂದ. ಯುಗಾದಿ ಬಂತು, ಹೋಯಿತು. ಕಡೂರಿನ ಹೆಂಗಸು ತನ್ನ ಮನೆಯನ್ನು ಬೇರೆಯವರಿಗೆ ಕೊಟ್ಟಳು. ಅಜ್ಜಂಪುರದ ಮನೆ ಖಾಲಿ ಮಾಡಿಕೊಡುವ ದಿನವೂ ಬಂತು. ಕಡೂರಿನಲ್ಲಿ ಅಂಗಡಿಯಿಂದ ನಾಲ್ಕು ಬೀದಿ ಆಚೆ ಒಂದು ಮಹಡಿ ಮನೆ ಭೋಗ್ಯಕ್ಕೆ ಸಿಕ್ಕಿತು. ಕಿರಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಇಪ್ಪತ್ತೆರಡು ಮೆಟ್ಟಿಲು. ಸಾಮಾನು ಹೊತ್ತವನು ನಾನೇ, ಹಾಗಾಗಿ ಲೆಕ್ಕ ಗೊತ್ತು. ಮುಂದಿನ ಭಾನುವಾರ ಪೈಪು ತಂದು, ಗೋಡೆ ಕೊರೆದು ಬೋಲ್ಟು ಬಿಗಿದು ಕೆಳಗಿನಿಂದ ಮೇಲಿನವರೆಗೆ ಕಂಬಿ ಹಾಕಿದೆ. ಅಕ್ಕ ಅದನ್ನು ಹಿಡಿದು ಒಂದು ಸಲ ಇಳಿದು ಹತ್ತಿ ನೋಡಿದಳು. "ಗಟ್ಟಿ ಐತೆ. ಪೈಪಿಗೆಷ್ಟಾಯ್ತೋ? ತಗೋ" ಎಂದು ಪರ್ಸು ತೆಗೆದಳು.

ದಲ್ಲಾಳಿ ಮೋಸ ಮಾಡಿದ ಎಂದು ಆಗಲೇ ಗೊತ್ತಾಗಿತ್ತು. ಎಷ್ಟು ಎಂದು ಗೊತ್ತಾದದ್ದು ಮಳೆಗಾಲ ಮುಗಿದ ಮೇಲೆ. ಕೊಬ್ಬರಿ ವ್ಯಾಪಾರಿ ಫೋನ್ ಮಾಡಿದರು. ಮುಂದಿನ ಗೋಡೆ ಒಡೆದು ಶಟರ್ ಕೂರಿಸಬೇಕು, ಆ ಗೋಡೆಯ ಹಣೆಬರಹ ನಿಮಗೇ ಗೊತ್ತಿರುವುದು ಎಂದರು. ಹೋದೆ. ಪಡಸಾಲೆಯ ತುಂಬ ಕೊಬ್ಬರಿ ಚೀಲ. ಅಕ್ಕ ಒರಗಿ ಕೂತಿದ್ದ ಬಾಗಿಲಿಗೆ ತಕ್ಕಡಿ ನೇತುಹಾಕಿದ್ದರು. ನಾನು ಸೂರಿಗೆ ಜಾಕಿ ಕೊಟ್ಟು, ಕಲ್ಲು ಒಂದೊಂದಾಗಿ ಬಿಡಿಸುತ್ತಿದ್ದೆ. ವ್ಯಾಪಾರಿ ಹಿಂದೆ ನಿಂತು ನೋಡುತ್ತಿದ್ದರು.

"ಹುಷಾರು ಮೇಸ್ತ್ರಿ. ಪಕ್ಕದ ಗೋಡೆ ಸೀಳಿಬಿಟ್ಟೀತು. ಇಪ್ಪತ್ತೊಂದು ಕೊಟ್ಟು ತಗಂಡಿದ್ದೀನಿ."

ಸುತ್ತಿಗೆ ಕೈಯಲ್ಲೇ ಉಳಿಯಿತು. "ಎಷ್ಟು ಅಂದ್ರಿ ಸಾವ್ಕಾರ್ರೇ?"

"ಇಪ್ಪತ್ತೊಂದು. ಯಾಕೆ, ನಿಮಗೆ ಗೊತ್ತಿಲ್ವಾ? ದುಡ್ಡು ತಗಂಡೋರು ನೀವೇ ಅಲ್ವಾ?"

"ಹೌದು ಹೌದು" ಎಂದೆ. ಬಿಸಿಲಿಗೆ ಕಣ್ಣು ಮಂಜಾದ ಹಾಗೆ ನಟಿಸಿ ಹೊರಗೆ ಹೋಗಿ ಮುಖ ತೊಳೆದುಕೊಂಡೆ. ಇಪ್ಪತ್ತೊಂದು. ನನಗೆ ಹದಿನೆಂಟು ಎಂದು ಹೇಳುವ ಮೊದಲೇ ಅವನು ಮೂರು ಎತ್ತಿಟ್ಟುಕೊಂಡಿದ್ದ. ನಾನು ಕಳ್ಳತನದಲ್ಲಿ ಪಾಲುದಾರ ಅಂದುಕೊಂಡಿದ್ದೆ. ಅವನ ಲೆಕ್ಕದಲ್ಲಿ ನಾನೂ ಅಕ್ಕನ ಹಾಗೆ ಮೋಸ ಹೋಗಬೇಕಾದವನೇ.

ಮೂರು ದಿನ ಹುಡುಕಿದ ಮೇಲೆ ಕಡೂರಿನ ಸಂತೆಯಲ್ಲಿ ಸಿಕ್ಕ. ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಹೆಗಲ ಮೇಲೆ ಟವೆಲ್.

"ಇಪ್ಪತ್ತೊಂದಂತೆ?" ಎಂದೆ.

ಮುಚ್ಚಿಡಲು ನೋಡಲೂ ಇಲ್ಲ ಅವನು. "ತಗಳ್ಳೋನು ಕೊಟ್ಟ. ನಿಂಗೇನು?"

"ಮೂರು ನುಂಗಿದೆ. ನನ್ನ ಒಂದೂ ಕೊಡ್ಲಿಲ್ಲ."

"ಯಾವ ಒಂದು? ಯಾವಾಗ ಹೇಳ್ದೆ? ಯಾರ ಮುಂದೆ ಹೇಳ್ದೆ?" ನಕ್ಕ. "ನಡಿ ಹಂಗಾದ್ರೆ, ಇಲ್ಲೇ ಐತಲ್ಲ ನಿಮ್ಮಕ್ಕನ ಅಂಗ್ಡಿ. ನಾನು ಎಷ್ಟು ಬೆರಳು ಹಿಡ್ದೆ, ನೀನು ಎಲ್ಲಿ ಒತ್ತಿದೆ, ಎಲ್ಲಾ ಆ ಯಮ್ಮನ ಮುಂದೇನೇ ಇತ್ಯರ್ಥ ಮಾಡಾಣ. ಬತ್ತೀಯಾ?"

ನಾನು ನಿಂತೇ ಇದ್ದೆ. ಅವನು ಲೋಟ ಇಟ್ಟು ಎದ್ದ. "ನಿಮ್ಮಪ್ಪ ನನ್ನ ಕೈ ಬಿಟ್ಟ ತಕ್ಷಣ ತಗಳ್ಳೋನ ಕೈ ಹಿಡಿಯೋನು ಕಣಪ್ಪ. ಒಂದ್ಸಲಾನೂ ಅವನ ಹತ್ರ ಐದು ರೂಪಾಯಿ ಹೊಡಿಯಕಾಗ್ಲಿಲ್ಲ. ನೀನೂ ಹಂಗೇ ಇರ್ತೀಯ ಅಂದ್ಕಂಡು ಹೆದ್ರಿದ್ದೆ. ನಿಮ್ಮಕ್ಕ ಎದ್ದು ನಿಂತಾಗಂತೂ ಮುಗೀತು ಕತೆ ಅಂದ್ಕಂಡೆ. ನೀನೇ ಕೂರಿಸ್ದೆಯಲ್ಲೋ ಮಾರಾಯ."

ಅವನು ಹೋದ ಮೇಲೂ ಆ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಸಿಟ್ಟು ಅವನ ಮೇಲೆಯೇ ಇತ್ತು. ಆದರೆ ಎಷ್ಟು ಸಲ ಯೋಚಿಸಿದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಆ ಆರು ಹೆಜ್ಜೆಯಲ್ಲಿ. ಅವಳು ಹೋಗಿ ಕೇಳಿದ್ದರೆ ಅವನ ಮೂರೂ ಸಿಕ್ಕಿಬೀಳುತ್ತಿತ್ತು, ನಮ್ಮ ಎರಡೂ ಸಿಕ್ಕಿಬೀಳುತ್ತಿತ್ತು. ನಾನು ನನ್ನ ಒಂದನ್ನು ಕಾಯಲು ಹೋಗಿ ಅವನ ನಾಲ್ಕನ್ನೂ ಕಾದುಕೊಟ್ಟಿದ್ದೆ. ಅವನು ಇನ್ನು ಮುಂದೆಯೂ ಇದೇ ಬೆದರಿಕೆ ಹಾಕುತ್ತಾನೆ, ನಾನು ಇನ್ನು ಮುಂದೆಯೂ ತಲೆ ತಗ್ಗಿಸುತ್ತೇನೆ. ಎದ್ದು ಅಕ್ಕನ ಅಂಗಡಿಯ ಕಡೆ ನಡೆದೆ.

ಅವಳು ಮಿಷನ್ ತುಳಿಯುತ್ತಿದ್ದಳು. ರವಿಕೆಗೆ ಕಾದು ಒಬ್ಬ ಹೆಂಗಸು ಸ್ಟೂಲಿನ ಮೇಲೆ ಕೂತಿದ್ದಳು. "ಏನೋ ಸಂತೆ ದಿವ್ಸ? ಕೆಲ್ಸ ಇಲ್ವಾ?" ಎಂದಳು ಅಕ್ಕ.

ಹತ್ತಿರ ಬಗ್ಗಿ, ಮೆಲ್ಲಗೆ ಹೇಳಲು ಶುರು ಮಾಡಿದೆ. ಮನೆ, ದಲ್ಲಾಳಿ, ಟವೆಲ್. ಅವಳು ಮಿಷನ್ ನಿಲ್ಲಿಸಿದಳು.

"ಕಿವೀಲಿ ಹೇಳ್ಬೇಡ. ಆವತ್ತು ಟವೆಲ್ ಕೆಳಗೆ ಹೇಳಿದ್ದು ಸಾಕು. ಬಾಯಲ್ಲಿ ಹೇಳು."

ರವಿಕೆಯ ಹೆಂಗಸು ಏಳಲು ಹೋದಳು. "ನೀನು ಕೂತ್ಕೊಳಮ್ಮ, ಇನ್ನು ಹುಕ್ಕು ಹಾಕೋದೊಂದೇ" ಎಂದಳು ಅಕ್ಕ. ಆ ಹೆಂಗಸಿನ ಎದುರೇ ಎಲ್ಲ ಹೇಳಿದೆ. ಟೀ ಅಂಗಡಿಯಲ್ಲಿ ಯುಗಾದಿಯ ವಿಷಯ ಬಾಯಿಬಿಟ್ಟದ್ದು, ಹದಿನೆಂಟು, ಮಡಚಿದ ಎರಡು ಬೆರಳು, ನಾನು ಒತ್ತಿದ ಹೆಬ್ಬೆರಳು. ಒಂದು ವಾರ ತಡಿ ಅಂದದ್ದು ಯಾವ ದುಡ್ಡಿಗೆ ಎಂಬುದನ್ನೂ.

ಅವಳು ಅಳಲಿಲ್ಲ, ಬೈಯಲಿಲ್ಲ. "ಸಾವ್ಕಾರ್ರ ನಂಬರ್ ಐತಾ?" ಎಂದಳು. ಕೊಟ್ಟೆ. ಫೋನ್ ಮಾಡಿ, ಸ್ಪೀಕರ್ ಹಾಕಿ, ಬಟ್ಟೆಯ ಮೇಲಿಟ್ಟಳು.

"ಸಾವ್ಕಾರ್ರೇ, ಅಜ್ಜಂಪುರದ ಮನೆಯೋಳು. ಒಂದು ಕೇಳ್ಬೇಕಿತ್ತು. ಮನೆಗೆ ಎಷ್ಟು ಕೊಟ್ರಿ ನೀವು?"

"ಇಪ್ಪತ್ತೊಂದು ಕಣಮ್ಮ. ಯಾಕೆ, ಏನಾಯ್ತು?"

"ಏನಿಲ್ಲ. ನಂಗೆ ಗೊತ್ತಿರ್ಲಿಲ್ಲ."

"ಅಯ್ಯೋ ಶಿವನೇ. ಜಗಲೀಲೇ ಕೂತಿದ್ನಲ್ಲ ತಾಯಿ. ಆವತ್ತೇ ಕೇಳಿದ್ರೆ ಆವತ್ತೇ ಹೇಳ್ತಿದ್ದೆನಲ್ಲ."

"ಹೌದು ಸಾವ್ಕಾರ್ರೇ. ಕೇಳ್ಬೇಕಿತ್ತು" ಎಂದು ಫೋನ್ ಇಟ್ಟಳು. ಒಂದು ನಿಮಿಷವೂ ಹಿಡಿಯಲಿಲ್ಲ.

"ಗಂಡಸ್ರು ಮಾತಾಡ್ತಾ ಇದ್ದೀವಿ ಅಂದೆಯಲ್ಲೋ" ಎಂದಳು ನನ್ನ ಕಡೆ ನೋಡದೆ. "ದುಡ್ಡು ಹೋಯ್ತು, ಮನೆ ಹೋಯ್ತು. ಅದು ಬಿಡು. ಆವತ್ತು ನನ್ನ ಕೂರಿಸ್ದೆ ನೋಡು, ನನ್ನ ಮನೇಲಿ, ಎಲ್ಲಾರ ಮುಂದೆ. ನನ್ ಮರ್ವಾದೆ ಕಾಯಕೆ ಅಂದೆ ಅಂದ್ಕಂಡಿದ್ದೆ ಕಣೋ ನಾನು, ಇಷ್ಟು ದಿವ್ಸ."

ಸೂಜಿ ತೆಗೆದುಕೊಂಡು ಹುಕ್ಕು ಹಾಕಲು ಕೂತಳು. ಆರು ಹುಕ್ಕು. ಪ್ರತಿಯೊಂದರ ಗಂಟನ್ನೂ ಎಳೆದು ನೋಡಿದಳು.

ತರೀಕೆರೆಯ ಸೈಟು ಮಾರುವುದಕ್ಕೆ ಇಟ್ಟಿದ್ದೇನೆ. ಈ ಸಲ ದಲ್ಲಾಳಿ ಇಲ್ಲ. ಗೇಟಿನ ಮೇಲೆ ಬೆಲೆಯನ್ನೇ ಬರೆದಿದ್ದೇನೆ. ಬಂದದ್ದರಲ್ಲಿ ಅವಳಿಗೆ ಕಡಿಮೆ ಬಿದ್ದ ಪಾಲು ಅವಳಿಗೆ ಸೇರುತ್ತದೆ. ಆದರೆ ಹೊಸಲು ದಾಟಿದರೆ ಒಳಗೆ ಹೋಗುವಂಥ ಆ ಮನೆ ಇನ್ನು ಸಿಗುವುದಿಲ್ಲ. ಅದರಲ್ಲಿ ಈಗ ಬೇರೆಯವರ ಪಾತ್ರೆಗಳು ಸದ್ದು ಮಾಡುತ್ತವೆ. ಇದನ್ನು ಬರೆದು ಮಗಳಿಗೆ ಕೊಟ್ಟೆ, ಕಾಗುಣಿತ ತಿದ್ದಿಕೊಟ್ಟಳು. ಓದಿದ ಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅದೂ ಸರಿಯೇ.

ಎಲ್ಲ ಹೇಳಿದ ಆ ಸಂತೆಯ ದಿನ ಸಂಜೆ ಅಂಗಡಿಗೆ ಬೀಗ ಹಾಕಿ ಅಕ್ಕನ ಹಿಂದೆ ಮನೆಯವರೆಗೆ ನಡೆದೆ. ಹೊಲಿಯುವ ಬಟ್ಟೆಯ ಗಂಟು ನನ್ನ ಕೈಯಲ್ಲಿತ್ತು. ಮೆಟ್ಟಿಲ ಬುಡದಲ್ಲಿ ಅವಳು ನಿಂತು ಉಸಿರು ತೆಗೆದುಕೊಂಡಳು. ಪ್ರತಿ ಭಾನುವಾರ ನೋಡಲು ಬಂದಾಗ ಮಾಡುತ್ತಿದ್ದ ಹಾಗೆ ನಾನು ಒಂದು ಮೆಟ್ಟಿಲು ಮೇಲೆ ಹತ್ತಿ, ತಿರುಗಿ ಕೈ ಚಾಚಿದೆ.

ಅವಳು ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಂಟನ್ನು ನನ್ನಿಂದ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು.

"ಕೈ ಬೇಡ ಕಣೋ" ಎಂದಳು. "ಕಂಬಿ ಐತೆ."

ನಾನು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ. ಅವಳು ಕಂಬಿ ಹಿಡಿದು, ಎರಡೂ ಕಾಲನ್ನು ಒಂದೊಂದೇ ಮೆಟ್ಟಿಲ ಮೇಲೆ ಕೂಡಿಸಿಕೊಳ್ಳುತ್ತ, ಇಪ್ಪತ್ತೆರಡನ್ನೂ ಹತ್ತಿದಳು.